ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ, ‘ಸ್ಲೋ ಫ್ಲೋ’ ಅಂತೆ. ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್‌ಗೂ ಇದಕ್ಕೂ ಏನು ಸಂಬಂಧ?

ಬೆಣ್ಣೆನಗರಿ
ಗೊತ್ತಿರೋರು ದಯವಿಟ್ಟು ಹೇಳಿ. ನಮ್ಮ ಭಾವನಿಗೆ (ಅಕ್ಕನ ಯಜಮಾನರು) 44 ವರ್ಷ. ದಾವಣಗೆರೆಯಲ್ಲಿ ಅಂಗಡಿ. ದಿನಕ್ಕೊಂದು ಪ್ಯಾಕ್ ಸಿಗರೇಟ್, ಹೊಟ್ಟೆ ಸ್ವಲ್ಪ ಮುಂದೆ. ಹೋದ ತಿಂಗಳು ಟಿವಿ ನೋಡ್ತಾ ಕೂತಿದ್ದಾಗಲೇ ಎದೆ ಹಿಂಡಿದ ಹಾಗಾಗಿ ಆಸ್ಪತ್ರೆಗೆ ಸೇರಿಸಿದ್ವಿ. ಇಸಿಜಿಯಲ್ಲಿ ಸಣ್ಣ ವ್ಯತ್ಯಾಸ, ಟ್ರೋಪೋನಿನ್ (ಹೃದಯಾಘಾತ ಆಗಿದೆಯಾ ಅಂತ ನೋಡೋ ರಕ್ತಪರೀಕ್ಷೆ) ನೆಗೆಟಿವ್. ಆಂಜಿಯೋಗ್ರಾಂ ಮಾಡಿದ್ರು. ಮೂರು ರಕ್ತನಾಳದಲ್ಲೂ ಬ್ಲಾಕ್ ಇಲ್ಲ, ಆದರೆ ಎಲ್‌ಎಡಿಯಲ್ಲಿ (ಹೃದಯದ ಮುಂಭಾಗದ ರಕ್ತನಾಳ) ‘ಸ್ಲೋ ಫ್ಲೋ’ ಅಂತ ಬರೆದಿದ್ದಾರೆ. ಸ್ಟೆಂಟ್ ಬೇಡ, ಮಾತ್ರೆ ಸಾಕು, ಸಿಗರೇಟ್ ಬಿಡಲೇಬೇಕು ಅಂದ್ರು ಡಾಕ್ಟರು.

ಅವತ್ತಿನ ಸಿಬಿಸಿ: ಹಿಮೋಗ್ಲೋಬಿನ್ 17.2, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 52, ಬಿಳಿರಕ್ತಕಣ 10,800, ಅದರಲ್ಲಿ ನ್ಯೂಟ್ರೋಫಿಲ್ 72%, ಲಿಂಫೋಸೈಟ್ 20%, ಪ್ಲೇಟ್‌ಲೆಟ್ 2.9 ಲಕ್ಷ, ಎಂಪಿವಿ (ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ) 12.1.

ಮೆಡಿಕಲ್ ಶಾಪ್ ಇಟ್ಟಿರೋ ನಮ್ಮ ಚಿಕ್ಕಪ್ಪನ ಮಗ ಇದನ್ನ ನೋಡಿ, ‘ನ್ಯೂಟ್ರೋಫಿಲ್ ಲಿಂಫೋಸೈಟ್ ಅನುಪಾತ 3.6 ಇದೆ, ಎಂಪಿವಿ ಜಾಸ್ತಿ ಇದೆ, ಸ್ಲೋ ಫ್ಲೋಗೆ ಇದೇ ಕಾರಣ, ನೆಟ್‌ನಲ್ಲಿ ಎಷ್ಟೊಂದು ಪೇಪರ್ ಇವೆ’ ಅಂತಾನೆ. ನಮ್ಮ ಮಾವ ‘ರಕ್ತ ದಪ್ಪ ಆಗಿದೆ, ಒಂದು ಬಾಟ್ಲಿ ತೆಗೆಸಿಬಿಡಿ’ ಅಂತಾರೆ. ಯಾರ ಮಾತು ಕೇಳೋದು?

ಕರಾವಳಿಕಾಗೆ
ಡಾಕ್ಟರ ಮಾತು.

ಎದೆಗೂಡು
ನಮ್ಮ ಸಂಘಕ್ಕೆ ಭಾವನವರಿಗೂ ಸ್ವಾಗತ 😀 ನನಗೂ ಇದೇ. ಬ್ಲಾಕ್ ಇಲ್ಲ ಅಂತ ಗೊತ್ತಾದ ಕೂಡಲೇ ಮನೆಯವರೆಲ್ಲ ‘ಏನೂ ಇಲ್ವಂತೆ, ಗ್ಯಾಸ್ ಅಂತೆ’ ಅಂತ ನೆಂಟರಿಗೆಲ್ಲ ಫೋನ್ ಮಾಡಿಬಿಟ್ರು. ನೋವು ಮಾತ್ರ ಹೋಗ್ಲಿಲ್ಲ. ಮತ್ತೆ ಎಮರ್ಜೆನ್ಸಿಗೆ ಹೋದ್ರೆ ಅಲ್ಲಿ ಒಬ್ಬರು ‘ಟೆನ್ಶನ್ ಮಾಡ್ಕೋಬೇಡಿ’ ಅಂತ ನಿದ್ದೆ ಮಾತ್ರೆ ಬರೆದ್ರು. ಆಮೇಲೆ ಬೇರೆ ಡಾಕ್ಟರು ಆಂಜಿಯೋ ಸಿಡಿ ಹಾಕಿ ತೋರಿಸಿದ್ರು. ಡೈ ಹಾಕಿದ ಮೇಲೆ ರಕ್ತನಾಳದ ತುದಿ ತನಕ ಹೋಗೋದಕ್ಕೆ ಎಷ್ಟು ಹೊತ್ತು ತಗೊಳ್ತು ಅಂತ ಕಣ್ಣಲ್ಲೇ ಕಾಣ್ತಿತ್ತು. ಆ ಸಿಡಿ ಜೋಪಾನವಾಗಿಡಿ, ರಿಪೋರ್ಟ್ ಹಾಳೆಗಿಂತ ಅದು ಮುಖ್ಯ.

ಪಿಜಿಪರದಾಟ
ಮೆಡಿಸಿನ್ ಪಿಜಿ ಮಾಡ್ತಿದೀನಿ. ಹೃದ್ರೋಗ ತಜ್ಞ ಅಲ್ಲ, ಅದನ್ನ ನೆನಪಿಟ್ಟುಕೊಂಡೇ ಓದಿ.

ಇದು ಹೊಸ ಕಾಯಿಲೆ ಅಲ್ಲ. 1972ರಲ್ಲೇ ವರದಿಯಾಗಿದೆ. ದೊಡ್ಡ ರಕ್ತನಾಳಗಳಲ್ಲಿ ಹೇಳಿಕೊಳ್ಳುವಂಥ ಅಡ್ಡಿ ಇಲ್ಲ, ಆದರೂ ಡೈ ತುದಿ ಮುಟ್ಟೋದು ತಡ. ಆಂಜಿಯೋಗ್ರಾಂ ಮಾಡಿಸಿಕೊಳ್ಳುವ ನೂರು ಜನರಲ್ಲಿ ಒಬ್ಬರಿಂದ ಏಳು ಜನರ ತನಕ ಸಿಗ್ತಾರೆ ಅಂತ ಬೇರೆ ಬೇರೆ ಕಡೆ ಲೆಕ್ಕ ಇದೆ. ಹೆಚ್ಚಾಗಿ ಗಂಡಸರು, ಅದರಲ್ಲೂ ಸ್ವಲ್ಪ ಚಿಕ್ಕ ವಯಸ್ಸಿನವರು, ಸಿಗರೇಟ್ ಸೇದೋರು, ಹೊಟ್ಟೆ ಬಂದೋರು. ನಡೆದಾಗ ಮಾತ್ರ ಅಲ್ಲ, ಸುಮ್ನೆ ಕೂತಾಗಲೂ ನೋವು ಬರೋದು ಇದರ ಗುಣ. ನಿಮ್ಮ ಭಾವನ ಕಥೆ ಪಠ್ಯದಲ್ಲಿ ಇದ್ದ ಹಾಗೇ ಇದೆ.

ತೊಂದರೆ ಇರೋದು ಬಹುತೇಕ ಆಂಜಿಯೋಗ್ರಾಂನಲ್ಲಿ ಕಾಣಿಸದ ಸೂಕ್ಷ್ಮ ರಕ್ತನಾಳಗಳಲ್ಲಿ. ಇಂಥ ರೋಗಿಗಳ ಹೃದಯದ ಸ್ನಾಯುವಿನ ಚೂರು ತೆಗೆದು ನೋಡಿದಾಗ ಸಣ್ಣ ನಾಳಗಳ ಗೋಡೆ ದಪ್ಪಗಾಗಿದ್ದು ಕಂಡಿದೆ. ಒಳಪದರ ನೈಟ್ರಿಕ್ ಆಕ್ಸೈಡ್ ಸರಿಯಾಗಿ ಬಿಡ್ತಿಲ್ಲ ಅಂದ್ರೆ ನಾಳ ಹಿಗ್ಗಲ್ಲ. ಜೊತೆಗೆ ದೊಡ್ಡ ನಾಳದ ಗೋಡೆಯಲ್ಲೂ ಕೊಬ್ಬು ತೆಳ್ಳಗೆ ಉದ್ದಕ್ಕೂ ಹರಡಿರಬಹುದು. ಒಂದೇ ಕಡೆ ಗಂಟು ಕಟ್ಟದ ಕಾರಣ ಆಂಜಿಯೋದಲ್ಲಿ ಅದು ‘ನಾರ್ಮಲ್’ ಅಂತಲೇ ಕಾಣುತ್ತೆ.

ಇನ್ನು ಬಿಳಿರಕ್ತಕಣ. ನ್ಯೂಟ್ರೋಫಿಲ್ ಜಾಸ್ತಿ ಅಂದ್ರೆ ಒಳಗೆ ಉರಿಯೂತ ಇದೆ ಅನ್ನೋ ಸುಳಿವು, ಆ ಉರಿಯೂತವೇ ಒಳಪದರ ಕೆಡಿಸುತ್ತೆ ಅನ್ನೋದು ವಾದ. ತರ್ಕ ಸರಿಯಾಗೇ ಇದೆ. ಆದರೆ ಒಂದು ರಿಪೋರ್ಟ್ ಹಿಡ್ಕೊಂಡು ‘ಇದೇ ಕಾರಣ’ ಅನ್ನೋದಕ್ಕೆ ಅಷ್ಟು ಸಾಕಾಗಲ್ಲ.

ಹನಿನೀರು
ನಮ್ಮ ತೋಟದ ಭಾಷೇಲಿ ಹೇಳೋದಾದ್ರೆ ಮೇನ್ ಪೈಪು ಕ್ಲೀನಾಗಿದೆ, ಡ್ರಿಪ್ಪಿನ ತೂತುಗಳು ಕಟ್ಟಿವೆ. ಪೈಪ್ ಬಿಚ್ಚಿ ನೋಡಿದವನು ಏನೂ ಇಲ್ಲ ಅಂತಾನೆ, ಗಿಡ ಒಣಗ್ತಾ ಇರುತ್ತೆ.

ಪಿಜಿಪರದಾಟ
@ಹನಿನೀರು ಚೆನ್ನಾಗಿದೆ, ನಾಳೆ ರೌಂಡ್ಸ್‌ನಲ್ಲಿ ಕದ್ದು ಬಳಸ್ತೀನಿ. ಒಂದೇ ತಿದ್ದುಪಡಿ: ಕಟ್ಟಿರೋದಲ್ಲ, ಬಿಗಿದುಕೊಂಡಿರೋದು. ಅದಕ್ಕೇ ಸ್ಟೆಂಟ್ ಕೆಲಸಕ್ಕೆ ಬರಲ್ಲ.

ಪೈಪೆಟ್ಟು
ಲ್ಯಾಬ್‌ನಲ್ಲಿ ಕೆಲಸ ಮಾಡೋನು ನಾನು. ಎಂಪಿವಿ 12.1 ನೋಡಿ ಯಾರಾದ್ರೂ ಹೆದರಿದ್ರೆ ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡಿ. ರಕ್ತ ತೆಗೆದದ್ದು ಎಷ್ಟು ಗಂಟೆಗೆ? ಮಷಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ?

ಸಿಬಿಸಿಗೆ ತೆಗೆಯೋದು ನೇರಳೆ ಮುಚ್ಚಳದ ಟ್ಯೂಬು. ಅದರೊಳಗೆ ಇಡಿಟಿಎ ಇರುತ್ತೆ, ರಕ್ತ ಹೆಪ್ಪುಗಟ್ಟದೇ ಇರಲಿ ಅಂತ. ಅದರಲ್ಲಿ ನಿಂತಷ್ಟು ಹೊತ್ತೂ ಪ್ಲೇಟ್‌ಲೆಟ್‌ಗಳು ಊದಿಕೊಳ್ತವೆ. ಮೊದಲ ಒಂದೆರಡು ಗಂಟೆಯಲ್ಲೇ ವ್ಯತ್ಯಾಸ ಕಾಣುತ್ತೆ. ಎಂಪಿವಿ ಅಂದ್ರೆ ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ ತಾನೇ? ಟ್ಯೂಬು ನರ್ಸಿಂಗ್ ಸ್ಟೇಷನ್ ಟ್ರೇನಲ್ಲಿ ಕೂತಿದ್ರೆ ಗಾತ್ರ ತಾನಾಗೇ ಏರುತ್ತೆ, ರೋಗಿಗೆ ಏನೂ ಆಗಿರಲ್ಲ. ಇದರ ಮೇಲೆ ಮಷಿನ್‌ನಿಂದ ಮಷಿನ್‌ಗೆ ಬೇರೆ ಲೆಕ್ಕ. ವಿದ್ಯುತ್ ತಡೆ ಅಳೆಯೋ ಯಂತ್ರ ಒಂದು ಹೇಳುತ್ತೆ, ಬೆಳಕು ಬಿಟ್ಟು ಅಳೆಯೋದು ಇನ್ನೊಂದು ಹೇಳುತ್ತೆ. ಎರಡು ಲ್ಯಾಬಿನ ಎಂಪಿವಿ ಪಕ್ಕಪಕ್ಕ ಇಟ್ಟು ‘ಏರಿದೆ, ಇಳಿದಿದೆ’ ಅನ್ನೋರನ್ನ ಕಂಡ್ರೆ ನನಗೆ ಬಿಪಿ ಏರುತ್ತೆ.

ಧಾರವಾಡಪೇಡಾ
ಅಂದ್ರ ಆ ಪೇಪರ್ ಬರ್ದವ್ರು ಎಲ್ಲಾ ಸುಳ್ಳು ಬರ್ದಾರೇನ್ರೀ? ಎಂಪಿವಿ, ಆರ್‌ಡಿಡಬ್ಲ್ಯೂ (ಕೆಂಪುಕಣದ ಗಾತ್ರದ ಏರುಪೇರು), ಅನುಪಾತ, ಹಿಮ್ಯಾಟೋಕ್ರಿಟ್ (ಅಂದ್ರ ಪಿಸಿವಿ) ಎಲ್ಲಾದರ ಮ್ಯಾಲೂ ಒಂದೊಂದು ಸ್ಟಡಿ ಅದಾವು. ಟರ್ಕಿಯವ್ರಂತೂ ರಾಶಿಗಟ್ಲೆ ಮಾಡ್ಯಾರ. ಸ್ಲೋ ಫ್ಲೋ ಇದ್ದವ್ರಿಗೆ ಜಾಸ್ತಿ, ಇಲ್ಲದವ್ರಿಗೆ ಕಡಿಮಿ ಅಂತ ಸ್ಪಷ್ಟ ಬರ್ದಾರ.

ಪೈಪೆಟ್ಟು
ಸುಳ್ಳು ಅಂತ ನಾನೆಲ್ಲಿ ಅಂದೆ ಸರ್? ಅವು ಗುಂಪಿನ ಸರಾಸರಿ. ಸ್ಲೋ ಫ್ಲೋ ಇರೋ ಗುಂಪಿನ ಸರಾಸರಿ ಸ್ವಲ್ಪ ಮೇಲೆ, ಇಲ್ಲದವರದ್ದು ಸ್ವಲ್ಪ ಕೆಳಗೆ. ಎರಡೂ ಗುಂಪಿನ ಜನ ಅರ್ಧಕ್ಕರ್ಧ ಒಬ್ಬರ ಮೇಲೊಬ್ಬರು ಬಿದ್ದಿರ್ತಾರೆ. ಬೆಣ್ಣೆನಗರಿಯವರ ಭಾವ ಯಾವ ಗುಂಪು ಅಂತ ಅದರಿಂದ ಹೇಳೋಕಾಗಲ್ಲ.

ಲೆಕ್ಕದಮೇಷ್ಟ್ರು
ಒಂದು ಉದಾಹರಣೆ ಲೆಕ್ಕ ಹಾಕೋಣ, ಸಂಖ್ಯೆ ನನ್ನ ಕಲ್ಪನೆಯದು. ಆಂಜಿಯೋಗ್ರಾಂಗೆ ಬಂದ 1000 ಜನ, ಅವರಲ್ಲಿ 50 ಮಂದಿಗೆ ಸ್ಲೋ ಫ್ಲೋ. ನಿಮ್ಮ ಅನುಪಾತದ ಪರೀಕ್ಷೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ 70 ಜನರನ್ನ ಹಿಡಿಯುತ್ತೆ, ಇಲ್ಲದವರಲ್ಲಿ ನೂರಕ್ಕೆ 70 ಜನರನ್ನ ಸರಿಯಾಗಿ ಬಿಟ್ಟುಕೊಡುತ್ತೆ ಅಂತಿಟ್ಕೊಳ್ಳಿ. ಇದ್ದ 50ರಲ್ಲಿ 35 ಸಿಕ್ಕರು. ಇಲ್ಲದ 950ರಲ್ಲಿ 285 ಜನ ಸುಮ್ನೆ ಸಿಕ್ಕಿಬಿದ್ರು. ಒಟ್ಟು 320 ಜನರಿಗೆ ‘ನಿಮಗಿದೆ’ ಅಂದ್ರೆ ನಿಜವಾಗಿ ಇರೋದು 35 ಜನರಿಗೆ, ಅಂದ್ರೆ ಒಂಬತ್ತರಲ್ಲಿ ಒಬ್ಬರಿಗೆ.

ಇನ್ನೂ ಒಂದು. ಭಾವನವರಿಗೆ ಆಂಜಿಯೋಗ್ರಾಂ ಆಗೇ ಹೋಗಿದೆ. ಇದ್ದದ್ದು ಕಣ್ಣಿಗೆ ಕಂಡ ಮೇಲೆ ಅದನ್ನ ಊಹಿಸೋ ಪರೀಕ್ಷೆಯ ಬೆಲೆ ಏನು?

ಧಾರವಾಡಪೇಡಾ
ಲೆಕ್ಕ ಒಪ್ಪಿದೆ ಮೇಷ್ಟ್ರೇ. ಆದ್ರ ಕಾರಣ ಗೊತ್ತಾಗ್ಬೇಕಲ್ಲ? ಊಹೆ ಬ್ಯಾರೆ, ಕಾರಣ ಬ್ಯಾರೆ.

ಪಿಜಿಪರದಾಟ
ಅಲ್ಲೇ ಸಿಕ್ಕು ಇರೋದು. ಸಿಗರೇಟ್ ಸೇದೋರಿಗೆ ಬಿಳಿರಕ್ತಕಣ ಹೇಗೂ ಜಾಸ್ತಿ. ಹೊಟ್ಟೆ ಬಂದೋರಿಗೂ ಜಾಸ್ತಿ. ಸ್ಲೋ ಫ್ಲೋ ಬರೋದೂ ಅವರಿಗೇ. ಹಾಗಾದ್ರೆ ಕಣದ ಎಣಿಕೆ ಕಾರಣವೋ, ಇಲ್ಲಾ ಎರಡಕ್ಕೂ ಸಿಗರೇಟೇ ಕಾರಣವೋ? ಇಂಥ ಅಧ್ಯಯನಗಳು ಬಹಳಷ್ಟು ಹಳೇ ಕಡತ ತೆಗೆದು ನೋಡಿದವು, ಒಂದೇ ಆಸ್ಪತ್ರೆಯವು, ರೋಗಿಗಳ ಸಂಖ್ಯೆಯೂ ಕಡಿಮೆ. ಗಡಿರೇಖೆ ಒಬ್ಬರದು ಒಂದು, ಇನ್ನೊಬ್ಬರದು ಇನ್ನೊಂದು. ಮತ್ತೆ ಎದೆನೋವಿನಿಂದ ಒದ್ದಾಡ್ತಾ ಎಮರ್ಜೆನ್ಸಿಗೆ ಬಂದವನ ಮೈಯಲ್ಲಿ ಅಡ್ರಿನಲಿನ್ ಉಕ್ಕಿರುತ್ತೆ, ಅದೊಂದರಿಂದಲೇ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿಯುತ್ತೆ. ಹಲ್ಲಿನ ಸೋಂಕು, ಸ್ಟೀರಾಯ್ಡ್ ಮಾತ್ರೆ, ಯಾವುದಾದರೂ ಅನುಪಾತ ಏರಿಸಬಹುದು. 3.6 ಅನ್ನೋದು ಆ ರಾತ್ರಿಯ ಫೋಟೋ ಅಷ್ಟೇ.

ಬೆಳ್ಳುಳ್ಳಿಭಟ್ಟ
ಇಷ್ಟೆಲ್ಲ ತಲೆಕೆಡಿಸ್ಕೊಳ್ಳೋ ಬದಲು ಬೆಳಗ್ಗೆ ಖಾಲಿ ಹೊಟ್ಟೇಲಿ ನಾಲ್ಕು ಎಸಳು ಬೆಳ್ಳುಳ್ಳಿ, ರಾತ್ರಿ ಮತ್ತಿ ಚಕ್ಕೆ ಕಷಾಯ. ರಕ್ತ ನೀರಾಗುತ್ತೆ.

ಕರಾವಳಿಕಾಗೆ
ರಕ್ತ ನೀರಾದ್ರೆ ಭಾವ ಉಳೀತಾರಾ ಭಟ್ರೇ?

ಪಿಜಿಪರದಾಟ
ಒಗ್ಗರಣೆಗೆ ಬೆಳ್ಳುಳ್ಳಿ ಎಷ್ಟಾದ್ರೂ ಹಾಕಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರ ರಕ್ತ ಹೆಪ್ಪುಗಟ್ಟದಂತೆ ಕೊಡೋ ಮಾತ್ರೆ ನಡೀತಿರುವಾಗ ಬೆಳ್ಳುಳ್ಳಿ ಕ್ಯಾಪ್ಸೂಲು, ಕಷಾಯ ಅಂತ ಶುರು ಮಾಡೋದಾದ್ರೆ ಡಾಕ್ಟರಿಗೆ ಹೇಳಿ ಮಾಡಿ. ರಕ್ತಸ್ರಾವದ ಪ್ರಶ್ನೆ.

ಹಾಸನದಹೈದ
ನಮ್ಮೂರಲ್ಲಿ 2025ರಲ್ಲಿ ಸಾಲು ಸಾಲು ಹೃದಯಾಘಾತದ ಸುದ್ದಿ ಬಂದಾಗ ಜನ ಮೈಸೂರಿನ ಜಯದೇವಕ್ಕೆ ಬೆಳಗಿನ ಜಾವದಿಂದಲೇ ಕ್ಯೂ ನಿಂತಿದ್ರು. ನನ್ನ ಸ್ನೇಹಿತರಲ್ಲಿ ಅರ್ಧ ಜನ ಆಗ ಪ್ಯಾಕೇಜ್ ಹೆಲ್ತ್ ಚೆಕಪ್ ಮಾಡಿಸಿದ್ರು. ಮೂವತ್ತು ಪುಟದ ರಿಪೋರ್ಟ್, ಅದರಲ್ಲಿ ಕೆಂಪು ಅಕ್ಷರದಲ್ಲಿ ಎರಡು ಸಾಲು ಇರಲೇಬೇಕು. ಆ ಎರಡು ಸಾಲು ಹಿಡ್ಕೊಂಡು ಇವತ್ತಿಗೂ ನಿದ್ದೆಗೆಟ್ಟೋರು ಇದ್ದಾರೆ. ನಿಜವಾದ ಉಪಯೋಗ ಆಗಿದ್ದು ಬಿಪಿ, ಶುಗರ್ ಇದೆ ಅಂತ ಗೊತ್ತೇ ಇಲ್ಲದೆ ಓಡಾಡ್ತಿದ್ದವರಿಗೆ.

ಬೆಣ್ಣೆನಗರಿ
ಎಲ್ಲರಿಗೂ ಥ್ಯಾಂಕ್ಸ್. ಆದರೆ ಹಿಮೋಗ್ಲೋಬಿನ್ 17.2, ಪಿಸಿವಿ 52 ಬಗ್ಗೆ ಯಾರೂ ಹೇಳಲೇ ಇಲ್ಲ. ‘ರಕ್ತ ದಪ್ಪ’ ಅನ್ನೋದು ಪೂರ್ತಿ ಮೂಢನಂಬಿಕೆನಾ? ಮಾವ ದಿನಾ ಫೋನ್ ಮಾಡ್ತಾರೆ, ತೆಗೆಸಿದ್ರಾ ತೆಗೆಸಿದ್ರಾ ಅಂತ.

ಪಿಜಿಪರದಾಟ
ಪೂರ್ತಿ ಮೂಢನಂಬಿಕೆ ಅಲ್ಲ, ಮಾವನವರು ಅರ್ಧ ಸರಿ. ಕೆಂಪುಕಣಗಳ ಪಾಲು 50 ದಾಟಿದ ಮೇಲೆ ರಕ್ತದ ಸ್ನಿಗ್ಧತೆ ಬೇಗಬೇಗ ಏರುತ್ತೆ. ಹಾಗಂತ ಲೋಟದಲ್ಲಿ ಅಳೆದ ಗಟ್ಟಿತನವೇ ಸೂಕ್ಷ್ಮ ನಾಳದಲ್ಲೂ ಇರಲ್ಲ. ನಾಳ 300 ಮೈಕ್ರಾನ್‌ಗಿಂತ ಸಣ್ಣದಾಗ್ತಾ ಹೋದ ಹಾಗೆ ಕೆಂಪುಕಣಗಳು ನಡುವಿನಲ್ಲಿ ಸಾಲಾಗಿ ಹೋಗ್ತವೆ, ಗೋಡೆ ಬದಿಗೆ ಬರೀ ಪ್ಲಾಸ್ಮಾ. ಆಗ ರಕ್ತ ಇನ್ನೂ ಸಲೀಸಾಗಿ ಹರಿಯುತ್ತೆ. 1931ರಲ್ಲೇ ತೋರಿಸಿದ ವಿಷಯ.

ಈಗ 17.2ಕ್ಕೆ ಬನ್ನಿ. ಸಿಗರೇಟ್ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ನ ಒಂದು ಪಾಲನ್ನ ಹಿಡಿದು ಕೂರುತ್ತೆ. ಆಮ್ಲಜನಕ ಸಾಲ್ತಿಲ್ಲ ಅಂತ ದೇಹ ಇನ್ನಷ್ಟು ಕೆಂಪುಕಣ ಮಾಡುತ್ತೆ. ಗೊರಕೆ ಇದೆಯಾ? ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಾ? ಅದೂ ಏರಿಸುತ್ತೆ. ನೀರು ಕುಡಿಯದೆ ಬಂದಿದ್ರೂ ಪಿಸಿವಿ ಜಾಸ್ತಿ ತೋರಿಸುತ್ತೆ. ಆರಾಮಾಗಿದ್ದಾಗ, ಚೆನ್ನಾಗಿ ನೀರು ಕುಡಿದು ಇನ್ನೊಮ್ಮೆ ಸಿಬಿಸಿ ಮಾಡಿಸಿ. ಆಗಲೂ ಗಂಡಸರಿಗೆ 16.5, ಪಿಸಿವಿ 49 ಮೇಲೇ ಇದ್ರೆ ರಕ್ತರೋಗ ತಜ್ಞರನ್ನ ನೋಡಿ, ಜೆಎಕೆ2 ಅನ್ನೋ ಜೀನ್ ಪರೀಕ್ಷೆ ಬೇಕಾ ಅಂತ ಅವರು ಹೇಳ್ತಾರೆ. ಪಾಲಿಸೈಥೀಮಿಯಾ ವೆರಾ ಅನ್ನೋ, ಮಜ್ಜೆ ಅತಿಯಾಗಿ ಕೆಂಪುಕಣ ಮಾಡೋ ಕಾಯಿಲೆ ಇದ್ರೆ ಮಾತ್ರ ರಕ್ತ ತೆಗೆದು ಪಿಸಿವಿ 45ರ ಕೆಳಗಿಡೋದು ಚಿಕಿತ್ಸೆ. ಹಾಗೇ ಸುಮ್ನೆ ಬಾಟ್ಲಿ ತೆಗೆಸೋದಲ್ಲ.

ಎದೆಗೂಡು
ರಕ್ತದಾನ ಮಾಡ್ತೀನಿ ಅಂತ ಹೋಗೋಕೂ ಬೇಡಿ. ಈ ಮಾತ್ರೆಗಳನ್ನ ನೋಡಿ ಬ್ಲಡ್ ಬ್ಯಾಂಕಿನವರು ಬೇಡ ಅಂದು ವಾಪಸ್ ಕಳಿಸ್ತಾರೆ.

ಮಂಡ್ಯದಬೆಲ್ಲ
ನಮ್ಮಪ್ಪಂಗೆ ಡೆಂಗಿ ಬಂದಾಗ ಪ್ಲೇಟ್‌ಲೆಟ್ 28 ಸಾವಿರಕ್ಕೆ ಇಳಿದಿತ್ತು, ಪರಂಗಿ ಎಲೆ ರಸ ಕುಡಿಸಿದ್ವಿ, ಏರ್ತು. ಪ್ಲೇಟ್‌ಲೆಟ್ ಕಮ್ಮಿ ಇದ್ರೆ ಹೃದಯಕ್ಕೆ ಒಳ್ಳೇದಾ ಹಾಗಾದ್ರೆ?

ಪೈಪೆಟ್ಟು
ಡೆಂಗಿಯಲ್ಲಿ ರಸ ಕುಡಿಸದಿದ್ರೂ ಏರ್ತಿತ್ತು ಸ್ವಾಮಿ. ಮತ್ತೆ ಈ ಚರ್ಚೆ ಹೃದಯದ್ದು.

ಸೀಸದಏಪ್ರನ್
ಆಂಜಿಯೋಗ್ರಾಂ ಮಾಡೋ ಕ್ಯಾಥ್ ಲ್ಯಾಬ್‌ನಲ್ಲಿದ್ದೀನಿ. ನೀವೆಲ್ಲ ಸಿಬಿಸಿ ಮೇಲೆ ಇಷ್ಟು ಜಗಳ ಆಡ್ತಿದ್ದೀರ, ‘ಸ್ಲೋ ಫ್ಲೋ’ ಅನ್ನೋ ಪದವನ್ನ ಹೇಗೆ ಬರೆದ್ರು ಅಂತ ಒಬ್ಬರೂ ಕೇಳಲಿಲ್ಲ! ಎಷ್ಟೋ ರಿಪೋರ್ಟ್‌ನಲ್ಲಿ ಅದು ಕಣ್ಣಂದಾಜು.

ಎಣಿಸಿ ಹೇಳೋ ವಿಧಾನ 1996ರಿಂದ ಇದೆ, ಟಿಮಿ ಫ್ರೇಮ್ ಕೌಂಟ್. ಡೈ ನಾಳದ ಬಾಯಿ ತುಂಬಿದ ಫ್ರೇಮಿನಿಂದ ಗೊತ್ತುಪಡಿಸಿದ ತುದಿಯ ಕವಲು ಮುಟ್ಟೋ ಫ್ರೇಮಿನ ತನಕ ಎಣಿಸೋದು. ಎಲ್‌ಎಡಿ ಮಿಕ್ಕ ಎರಡಕ್ಕಿಂತ ಉದ್ದ, ಅದಕ್ಕೆ ಬಂದ ಸಂಖ್ಯೆಯನ್ನ 1.7ರಿಂದ ಭಾಗಿಸಬೇಕು. 27ಕ್ಕಿಂತ ಜಾಸ್ತಿ ಬಂದ್ರೆ ನಿಧಾನ. ಆದರೆ ಈ 27 ಸೆಕೆಂಡಿಗೆ 30 ಫ್ರೇಮ್ ತೆಗೀತಿದ್ದ ಕಾಲದ ಲೆಕ್ಕ. ಈಗ ರೇಡಿಯೇಷನ್ ಕಮ್ಮಿ ಮಾಡೋಕೆ ಬಹಳ ಕಡೆ 15ರಲ್ಲಿ ತೆಗೀತಾರೆ. ಎಲ್‌ಎಡಿಯಲ್ಲಿ 34 ಫ್ರೇಮ್ ಎಣಿಸಿದ್ರಿ ಅನ್ನಿ, ಅದನ್ನ ಎರಡರಿಂದ ಗುಣಿಸಿ 68, 1.7ರಿಂದ ಭಾಗಿಸಿ 40. ಖಂಡಿತ ನಿಧಾನ. ಗುಣಿಸೋದು ಮರೆತ್ರೆ 20, ಫಸ್ಟ್‌ಕ್ಲಾಸ್ ನಾರ್ಮಲ್!

ಇನ್ನು ನೈಟ್ರೋಗ್ಲಿಸರಿನ್ ಕೊಟ್ಟ ಮೇಲೆ ಎಣಿಸಿದ್ರೆ ದೊಡ್ಡ ನಾಳ ಹಿಗ್ಗಿ ಸಂಖ್ಯೆ ಏರುತ್ತೆ. ಹೃದಯದ ಬಡಿತದ ವೇಗ ಬದಲಾದ್ರೂ ಬದಲಾಗುತ್ತೆ. ಅದೂ ಅಲ್ಲದೆ ನಾಳ ಊದಿಕೊಂಡಿರೋದು, ಸೆಳೆತ, ಕವಾಟದ ಕಾಯಿಲೆ, ಡೈ ಜೊತೆ ನುಸುಳಿದ ಗಾಳಿಗುಳ್ಳೆ, ಇವೆಲ್ಲ ಇಲ್ಲ ಅಂತ ನೋಡಿದ ಮೇಲೇ ಈ ಹೆಸರು ಕೊಡೋದು.

ಲೆಕ್ಕದಮೇಷ್ಟ್ರು
ಇದು ಚೆಂದದ ಮಾಹಿತಿ. ಅಂದ್ರೆ ಆ ಪೇಪರ್‌ಗಳಲ್ಲಿ ಯಾರನ್ನ ‘ಸ್ಲೋ ಫ್ಲೋ ಗುಂಪು’ ಅಂತ ಹಾಕಿದ್ರು ಅನ್ನೋದೂ ಎಣಿಸಿದವನ ಕೈಯಲ್ಲೇ ಇದೆ. ಒಂದು ಕಡೆ ಅಲ್ಲಾಡೋ ಎಂಪಿವಿ, ಇನ್ನೊಂದು ಕಡೆ ಅಲ್ಲಾಡೋ ಫ್ರೇಮು.

ಧಾರವಾಡಪೇಡಾ
ಹಂಗಂತ ಎಲ್ಲಾ ತಗದು ಒಗದ್ರ ಹೆಂಗ್ರೀ? ಬ್ಯಾರೆ ಬ್ಯಾರೆ ಊರಾಗ, ಬ್ಯಾರೆ ಬ್ಯಾರೆ ಮಷಿನ್‌ದಾಗ, ಬಾಳ ಕಡೆ ಒಂದ ದಿಕ್ಕಿಗೆ ಬೆರಳು ತೋರ್ಸಾಕತ್ತಾವು. ಉರಿಯೂತದ ಪಾತ್ರ ಇರೂದು ಖರೇ ಅನ್ಸತೈತಿ ನನಗ.

ಪಿಜಿಪರದಾಟ
ಉರಿಯೂತದ ಪಾತ್ರ ಇಲ್ಲ ಅಂತ ನಾನೂ ಅನ್ನಲ್ಲ. ಸಂಶೋಧನೆಗೆ ಅದು ದಾರಿ. ಭಾವನ ಮಾತ್ರೆ ಚೀಟಿ ಅದರಿಂದ ಬದಲಾಗಲ್ಲ, ಅಷ್ಟೇ ನನ್ನ ವಾದ.

ಡಬ್ಲಿನ್‌ಕನ್ನಡಿಗ
ಇಲ್ಲಿ ಕೆಲವು ಕಡೆ ಆಂಜಿಯೋ ಮಾಡುವಾಗಲೇ ಒತ್ತಡ ಮತ್ತು ಉಷ್ಣತೆ ಅಳೆಯೋ ತಂತಿ ಬಿಟ್ಟು ಸೂಕ್ಷ್ಮ ನಾಳಗಳ ತಡೆ ಎಷ್ಟಿದೆ ನೋಡ್ತಾರೆ. ಐಎಂಆರ್ ಅಂತಾರೆ, 25 ಅಥವಾ ಮೇಲಿದ್ರೆ ಅಸಹಜ. ಅಸಿಟೈಲ್‌ಕೋಲಿನ್ ಕೊಟ್ಟು ಸೆಳೆತ ಬರುತ್ತಾ ಅಂತಲೂ ಪರೀಕ್ಷಿಸ್ತಾರೆ. ಬೆಂಗಳೂರಲ್ಲಿ ದೊಡ್ಡ ಸೆಂಟರ್‌ಗಳಲ್ಲಿ ಕೇಳಿ ನೋಡಬಹುದು. ಪದೇಪದೇ ನೋವು ಬಂದ್ರೆ ಮಾತ್ರ. ಸುಮ್ನೆ ಕುತೂಹಲಕ್ಕೆ ಮತ್ತೆ ತಂತಿ ಹಾಕಿಸ್ಕೋಬೇಡಿ.

ಎದೆಗೂಡು
ಮಾತ್ರೆ ಬಗ್ಗೆ: ನನಗೆ ನಾಲಿಗೆ ಕೆಳಗಿಡೋ ಸಾರ್ಬಿಟ್ರೇಟ್ ಅಷ್ಟಾಗಿ ಹಿಡಿಸಲಿಲ್ಲ, ತಲೆನೋವು ಮಾತ್ರ ಲಾಭ. ಡಿಲ್ಟಿಯಾಜೆಮ್, ಸ್ಟ್ಯಾಟಿನ್, ಆಮೇಲೆ ನಿಕೊರಾಂಡಿಲ್ ಸೇರಿಸಿದ ಮೇಲೆ ಪರವಾಗಿಲ್ಲ. ಸಿಗರೇಟ್ ಬಿಟ್ಟಿದ್ದರಿಂದಲೋ ಮಾತ್ರೆಯಿಂದಲೋ ಯಾರಿಗ್ಗೊತ್ತು.

ಪಿಜಿಪರದಾಟ
ಸಾರ್ಬಿಟ್ರೇಟ್ ಥರದ ನೈಟ್ರೇಟ್ ಕೆಲಸ ಮಾಡೋದು ಮುಖ್ಯವಾಗಿ ದೊಡ್ಡ ನಾಳದ ಮೇಲೆ. ತೀರಾ ಸಣ್ಣವು ಅದಕ್ಕೆ ಅಷ್ಟಾಗಿ ಬಗ್ಗಲ್ಲ, ಹಾಗಾಗಿ ನಿಮ್ಮ ಅನುಭವ ಅಪರೂಪ ಅಲ್ಲ. ಇದಕ್ಕೆ ಒಳ್ಳೆ ಫಲ ತೋರಿಸಿದ್ದ ಮಿಬೆಫ್ರಾಡಿಲ್ ಅನ್ನೋ ಔಷಧ 1998ರಲ್ಲಿ ಮಾರುಕಟ್ಟೆಯಿಂದಲೇ ಹೋಯ್ತು, ಬೇರೆ ಮಾತ್ರೆಗಳ ಜೊತೆ ಸೇರಿ ಅಪಾಯ ಮಾಡ್ತಿತ್ತು. ಉಳಿದದ್ದೆಲ್ಲ ಒಬ್ಬೊಬ್ಬರಿಗೆ ಒಂದೊಂದು ಹೊಂದಿಸಿ ನೋಡೋದೇ. ಹೆಚ್ಚಿನವರಿಗೆ ಜೀವಕ್ಕೆ ಅಪಾಯ ಇಲ್ಲ, ನೋವು ಮಾತ್ರ ಮತ್ತೆ ಮತ್ತೆ ಕಾಡುತ್ತೆ. ಹಾಗಂತ ‘ನನಗೆ ಬರೀ ಸ್ಲೋ ಫ್ಲೋ’ ಅಂತ ಪ್ರತೀ ನೋವನ್ನೂ ತಳ್ಳಿಹಾಕಬಾರದು. ಬೆವರು, ಉಸಿರುಕಟ್ಟು, ಬಿಡದ ನೋವು ಅಂದ್ರೆ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿಂದಲೇ ದೊಡ್ಡ ಆಸ್ಪತ್ರೆಗೆ ಇಸಿಜಿ ಕಳಿಸಿ ಕೇಳ್ತಾರೆ, ಹೃದಯಾಘಾತ ಆಗಿದ್ರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ.

ಬೆಣ್ಣೆನಗರಿ
ಅಪ್‌ಡೇಟ್. ಇವತ್ತು ಬೇರೆ ಲ್ಯಾಬ್‌ನಲ್ಲಿ ಮತ್ತೆ ಸಿಬಿಸಿ ಮಾಡಿಸಿದ್ವಿ, ಅಲ್ಲೇ ಕೂತು, ಟ್ಯೂಬ್ ಕಾಯಿಸದೆ (@ಪೈಪೆಟ್ಟು ನಿಮ್ಮ ಹೆಸರು ಹೇಳಿ 😀). ಎಂಪಿವಿ 10.2, ಅನುಪಾತ 2.1, ಪಿಸಿವಿ 49, ಹಿಮೋಗ್ಲೋಬಿನ್ 16.4. ಭಾವ ಗೊರಕೆ ಹೊಡೀತಾರೆ, ಬೀದಿಗೆಲ್ಲ ಕೇಳುತ್ತೆ, ಅದನ್ನೂ ತೋರಿಸ್ತೀವಿ. ಸಿಗರೇಟ್ ದಿನಕ್ಕೆ ಎರಡಕ್ಕೆ ಇಳಿದಿದೆ, ಅವರು ಹೇಳೋ ಪ್ರಕಾರ.

ಪೈಪೆಟ್ಟು
ಲ್ಯಾಬೇ ಬೇರೆ ಆದ್ಮೇಲೆ 12.1 ಇದ್ದದ್ದು 10.2 ಆಯ್ತು ಅಂತ ಸಂಭ್ರಮ ಪಡೋಕೂ ಇಲ್ಲ ಸರ್, ನಿಯಮ ಎರಡೂ ಕಡೆಗೂ ಒಂದೇ.

ಕರಾವಳಿಕಾಗೆ
‘ಅವರು ಹೇಳೋ ಪ್ರಕಾರ’ 😂

ಬೆಣ್ಣೆನಗರಿ
ಇನ್ನೊಂದು ವಿಷಯ. ಬಂದಿದ್ದೀವಲ್ಲ ಅಂತ ಅಕ್ಕಂದೂ ಜೊತೆಗೆ ಮಾಡಿಸಿದ್ವಿ. ಅವಳ ಹಿಮೋಗ್ಲೋಬಿನ್ 9.1, ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 70, ಆರ್‌ಡಿಡಬ್ಲ್ಯೂ 18.5! ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ ಅಂತ ವರ್ಷದಿಂದ ಹೇಳ್ತಿದ್ಲು, ಮನೆಯಲ್ಲಿ ಯಾರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ಆರ್‌ಡಿಡಬ್ಲ್ಯೂ ಜಾಸ್ತಿ ಅಂದ್ರೆ ಸ್ಲೋ ಫ್ಲೋ ಅಂತ ಆ ಪೇಪರ್‌ಗಳಲ್ಲಿ ಇದೆಯಲ್ಲ, ಇವಳಿಗೂ ಆಂಜಿಯೋ ಬೇಕಾ?

ಪಿಜಿಪರದಾಟ
ಆಂಜಿಯೋ ವಿಷಯ ಸದ್ಯಕ್ಕೆ ಬದಿಗಿಡಿ! ಈ ಮೂರು ಅಂಕಿ ಒಟ್ಟಿಗೆ ನೋಡಿದ್ರೆ ಮೊದಲ ಅನುಮಾನ ಕಬ್ಬಿಣದ ಕೊರತೆ. ನಮ್ಮ ದೇಶದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಇದೆ. ಏದುಸಿರಿಗೆ ಅದೇ ಕಾರಣ ಇರಬಹುದು. ಈ ವಾರವೇ ಫಿಜಿಷಿಯನ್‌ಗೆ ತೋರಿಸಿ, ಇಸಿಜಿ ಬೇಕಾ ಅಂತ ಅವರೇ ನೋಡಿ ಹೇಳ್ತಾರೆ. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ತೋರಿಸೋ ಪರೀಕ್ಷೆ) ಮಾಡಿಸಿ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಹೋಗ್ತಿದೆಯಾ ಕೇಳಿ, ಹೋಗ್ತಿದ್ರೆ ಸ್ತ್ರೀರೋಗ ತಜ್ಞರಿಗೂ ತೋರಿಸಿ. ಕಬ್ಬಿಣದ ಮಾತ್ರೆ ಬರೆದುಕೊಟ್ರೆ ಕಾಫಿ, ಟೀ ಜೊತೆ ನುಂಗಬಾರದು, ಒಂದೆರಡು ಗಂಟೆ ಅಂತರ ಇರಲಿ.

ಮಂಡ್ಯದಬೆಲ್ಲ
ಮಾತ್ರೆ ತಗೊಂಡ್ರೆ ಮಲ ಕಪ್ಪಗೆ ಹೋಗುತ್ತೆ, ಹೆದರ್ಕೊಂಡು ನಿಲ್ಲಿಸಿಬಿಡ್ತಾರೆ. ನಮ್ಮನೆಯವಳು ಹಾಗೇ ಮಾಡಿದ್ಲು. ಅಕ್ಕನಿಗೆ ಮೊದಲೇ ಹೇಳಿಡಿ.